ಗೊರಕೆ ನಿಂತ ರಾತ್ರಿ

ಮಿತ್ರರೇ, ಈ ವಾರ ಯಾವ ಹೀರೋ ಯಾವ ಹೀರೋಯಿನ್ ಜೊತೆ ಮಾತು ಬಿಟ್ಟ, ಯಾವ ನಿರ್ಮಾಪಕ ಯಾರಿಗೆ ಚೆಕ್ ಕೊಟ್ಟು ತಲೆ ಮರೆಸಿಕೊಂಡ ಅಂತ ಕೇಳಬೇಡಿ. ಗಾಂಧಿನಗರದಲ್ಲಿ ಸುದ್ದಿಗೇನು ಬರವೇ? ಮುಂದಿನ ವಾರಕ್ಕೂ ಇರುತ್ತೆ. ಈ ವಾರ ನಿಮ್ಮ ಈ ಬಡ ಬರಹಗಾರನ ರಾತ್ರಿಯ ಕತೆ. ಹ್ಞಾ ಹ್ಞಾ, ಮೀಸೆಯಲ್ಲೇ ನಗಬೇಡಿ! ನೀವು ಅಂದುಕೊಂಡ ಥರದ ರಾತ್ರಿ ಅಲ್ಲ. ಇದು ಗೊರಕೆಯ ಕತೆ.

ನಮ್ಮ ಸಿನಿಮಾಗಳಲ್ಲಿ ಗೊರಕೆ ಅಂದರೆ ಹಾಸ್ಯ. ಹೀರೋ ಪಕ್ಕದಲ್ಲಿ ಡುಮ್ಮ ಗೆಳೆಯ ಮಲಗಿರ್ತಾನೆ, ಗೊರ್ರ್ ಅಂತಾನೆ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ. ನಾನೂ ಹೊಡೆದಿದ್ದೇನೆ ಶಿಳ್ಳೆ. ಆದರೆ ಹೋದ ವರ್ಷ ಒಂದು ಚಿತ್ರದ ಪತ್ರಿಕಾ ಪ್ರದರ್ಶನದಲ್ಲಿ ಆ ಡುಮ್ಮ ಗೆಳೆಯ ನಾನೇ ಆಗಿಬಿಟ್ಟೆ. ತೆರೆಯ ಮೇಲೆ ನಾಯಕನ ತಾಯಿ ಕಣ್ಣು ಮುಚ್ಚುತ್ತಿದ್ದಾಳೆ, ಥಿಯೇಟರೆಲ್ಲಾ ನಿಶ್ಶಬ್ದ, ಆಗ ಹಿಂದಿನ ಸಾಲಿನಿಂದ ನನ್ನ ಗೊರಕೆ! ಎರಡು ಸಾಲು ಮುಂದೆ ಕೂತಿದ್ದ ನಿರ್ದೇಶಕರು ತಿರುಗಿ ನೋಡಿದರಂತೆ. ಅವರು ಇವತ್ತಿಗೂ ನನ್ನ ಫೋನ್ ಎತ್ತೋದಿಲ್ಲ.

ಅದೂ ಹೋಗಲಿ. ಒಂದು ದಿನ ಬೆಳಗ್ಗೆ ಯಶವಂತಪುರದ ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿಕೊಂಡು ಹಾಗೇ ಕಣ್ಣು ಮುಚ್ಚಿದೆ. ಹಿಂದಿನ ಆಟೋದವನು ಹಾರ್ನ್ ಹೊಡೆದಾಗಲೇ ಎಚ್ಚರ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದ ಮನುಷ್ಯ ನಾನು! ಆದರೂ ತಲೆ ಭಾರ, ಬಾಯಿ ಒಣ, ಕೂತಲ್ಲೇ ತೂಕಡಿಕೆ. ಸಿಗ್ನಲ್ಲಿನಲ್ಲಿ ಆದದ್ದು ನೆಲಮಂಗಲ ದಾಟಿದ ಮೇಲೆ ಹೈವೇಯಲ್ಲಿ ಆಗಿದ್ದರೆ ಈ ಅಂಕಣ ಬೇರೆ ಯಾರೋ ಬರೀತಿದ್ದರು.

ನನ್ನ ರೂಮ್‌ಮೇಟ್ ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್. ಅವನು ಹೇಳಿದ ಮಾತೇ ನನ್ನನ್ನು ಡಾಕ್ಟರ್ ಹತ್ತಿರ ಕಳಿಸಿದ್ದು. "ಗುರೂ, ನಿನ್ನ ಗೊರಕೆಗೆ ನಾನು ಹೆದರಲ್ಲ. ಗೊರಕೆ ನಿಂತಾಗ ಹೆದರಿಕೆ ಆಗುತ್ತೆ. ಉಸಿರೇ ಇರಲ್ಲ. ಹತ್ತು ಎಣಿಸ್ತೀನಿ, ಹದಿನೈದು ಎಣಿಸ್ತೀನಿ... ಆಮೇಲೆ ನೀರಿಂದ ಎದ್ದವನ ಥರ ಹಾ ಅಂತ ಏಳ್ತೀಯ, ಮತ್ತೆ ಮಲಗ್ತೀಯ."

ನನಗೆ ಒಂದೂ ನೆನಪಿಲ್ಲ!

ಶ್ವಾಸಕೋಶದ ಡಾಕ್ಟರು ಕೈಗೆ, ಎದೆಗೆ, ಮೂಗಿಗೆ ವೈರು ಕಟ್ಟಿ ಒಂದು ರಾತ್ರಿ ಮಲಗಿಸಿದರು. ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತಿತ್ತು ಇಲ್ಲವೇ ಕಟ್ಟುತ್ತಿತ್ತು. 5ರ ಒಳಗಿದ್ದರೆ ಚಿಂತೆ ಇಲ್ಲ, 30 ದಾಟಿದರೆ ತೀವ್ರ ಅಂತ ಲೆಕ್ಕ. ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ. ನಿದ್ದೆ ಬಂದಾಗ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ. ರಾತ್ರಿಯೆಲ್ಲಾ ಇದೇ ರಿಪೀಟ್ ಷೋ. ಬಿ.ಪಿ. ಏರುತ್ತೆ, ಹೃದಯಕ್ಕೆ ಪೆಟ್ಟು. ದಪ್ಪಗಿದ್ದವರಿಗೆ ಹೆಚ್ಚು, ಆದರೆ ಸಣಕಲರಿಗೂ ಬರುತ್ತೆ.

ಸಿನಿಮಾದವರನ್ನೂ ಇದು ಬಿಟ್ಟಿಲ್ಲ ಮಿತ್ರರೇ. ಮೈತುಂಬಾ ಚಿನ್ನ ಹಾಕುತ್ತಿದ್ದ ಬಪ್ಪಿ ಲಾಹಿರಿ ಗೊತ್ತಲ್ಲ? ದ್ವಾರಕೀಶ್ ಅವರ 'ಆಫ್ರಿಕಾದಲ್ಲಿ ಶೀಲಾ' (1986) ಚಿತ್ರಕ್ಕೆ ಸಂಗೀತ ಕೊಟ್ಟವರು. 2022ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಡಾಕ್ಟರುಗಳು ಹೇಳಿದ ಕಾರಣ ಇದೇ ಕಾಯಿಲೆ. 'ಸ್ಟಾರ್ ವಾರ್ಸ್' ಚಿತ್ರದ ರಾಜಕುಮಾರಿ ಕ್ಯಾರಿ ಫಿಷರ್ 2016ರ ಡಿಸೆಂಬರಿನಲ್ಲಿ ಹೋದರು. ಮರಣದ ವರದಿಯಲ್ಲಿ ಬೇರೆ ಕಾರಣಗಳ ಜೊತೆಗೆ ಇದರ ಹೆಸರೂ ಇತ್ತು.

ಔಷಧ? ಮಾತ್ರೆ ಅಲ್ಲ, ಮೆಷೀನು. ಸಿಪ್ಯಾಪ್ ಅಂತಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಅನ್ನುವ ಡಾಕ್ಟರು ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಉಲ್ಟಾ ಊದುವ ಹಾಗೆ ಮಾಡಿ ರೋಗಿಗಳ ಮೂಗಿಗೆ ಗಾಳಿ ಕೊಟ್ಟರು. 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದರೆ ಅಪ್ಪಚ್ಚಿ ಆಗೋದಿಲ್ಲವಲ್ಲ, ಹಾಗೇ ಗಂಟಲು ಮುಚ್ಚದಂತೆ ಗಾಳಿ ತಡೆದು ಹಿಡಿಯುತ್ತೆ. ಅಷ್ಟೇ. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ.

ಒಂದು ಸೆಕೆಂಡ್ ಹ್ಯಾಂಡ್ ಬೈಕಿನ ಬೆಲೆ ಕೊಟ್ಟು ಮೆಷೀನು ತಂದೆ. ಮೊದಲ ರಾತ್ರಿ ಮಾಸ್ಕ್ ಹಾಕಿಕೊಂಡಾಗ ರೂಮ್‌ಮೇಟ್ ಕೇಳಿದ, "ಏನ್ ಮಗಾ, ವಿಮಾನ ಓಡಿಸೋಕೆ ಹೊರಟ್ಯಾ?" ವಿಮಾನ ಎಲ್ಲಿ ಬಂತು, ಮಧ್ಯರಾತ್ರಿ ಮೂರಕ್ಕೆ ಎಲ್ಲಾ ಕಿತ್ತು ಮೂಲೆಗೆ ಎಸೆದೆ. ಎರಡನೇ ರಾತ್ರಿಯೂ ಅದೇ. ಮೂರನೇ ದಿನ ಮಾರಿಬಿಡೋಣ ಅಂದುಕೊಂಡೆ. ಎಷ್ಟೋ ಜನ ಇಲ್ಲೇ ಕೈಚೆಲ್ಲಿ ಮೆಷೀನನ್ನು ಅಟ್ಟಕ್ಕೆ ಹಾಕ್ತಾರಂತೆ. ನಾನು ಹೇಗೆ ದಾಟಿದೆ ಅನ್ನೋದನ್ನು ರೀಲು ರೀಲಾಗಿ ಹೇಳ್ತೀನಿ ಕೇಳಿ.

ಮೊದಲನೇ ರೀಲು, ಅಭ್ಯಾಸ. ಮೆಷೀನು ಕೊಟ್ಟ ಟೆಕ್ನಿಷಿಯನ್ ಹೇಳಿದ್ದು, "ರಾತ್ರಿವರೆಗೆ ಕಾಯಬೇಡಿ ಸಾರ್. ಸಂಜೆ ಎಚ್ಚರ ಇದ್ದಾಗಲೇ ಹಾಕ್ಕೊಂಡು ಏನಾದ್ರೂ ನೋಡ್ತಾ ಕೂತ್ಕೊಳ್ಳಿ." ಸಿನಿಮಾ ಹುಚ್ಚನಿಗೆ ಇದಕ್ಕಿಂತ ಬೇಕೇ? ಮಾಸ್ಕ್ ಹಾಕಿ, ಗಾಳಿ ಬಿಟ್ಟುಕೊಂಡು 'ಬಂಗಾರದ ಮನುಷ್ಯ' ಹಾಕಿದೆ. ಅಣ್ಣಾವ್ರನ್ನು ನೋಡ್ತಾ ಮೂಗಿನ ಮೇಲಿರೋದು ಮರೆತೇಹೋಯ್ತು. ನಾಲ್ಕು ಸಂಜೆ ಹೀಗೆ ಮಾಡಿದ ಮೇಲೆ ಎದೆ ಢವಢವ ನಿಂತಿತು. ಮೆಷೀನಿನಲ್ಲಿ ರ್‍ಯಾಂಪ್ ಅಂತ ಒಂದು ಗುಂಡಿ ಇದೆ. ಅದನ್ನು ಹಾಕಿದರೆ ಗಾಳಿ ಮೆಲ್ಲಗೆ ಶುರುವಾಗಿ ನಿಧಾನಕ್ಕೆ ಏರುತ್ತೆ. ಅಷ್ಟರಲ್ಲಿ ನಿದ್ದೆ ಬಂದಿರುತ್ತೆ. ಆದರೆ ಡಾಕ್ಟರು ಗೊತ್ತುಮಾಡಿದ ಒತ್ತಡವನ್ನು ಮಾತ್ರ ನಾವೇ ಮುಟ್ಟಬಾರದು.

ಎರಡನೇ ರೀಲು, ಮಾಸ್ಕು. ನಾನು ಮಾಡಿದ ತಪ್ಪು ಅಂದರೆ ಗಾಳಿ ಸೋರುತ್ತೆ ಅಂತ ಪಟ್ಟಿ ಬಿಗಿದು ಬಿಗಿದು ಮೂಗಿನ ಮೇಲೆ ಗಾಯ ಮಾಡಿಕೊಂಡಿದ್ದು. ಜಾಸ್ತಿ ಬಿಗಿದರೆ ಮೆತ್ತೆ ಸುಕ್ಕಾಗಿ ಇನ್ನೂ ಸೋರುತ್ತೆ! ಮಲಗಿಕೊಂಡು, ಗಾಳಿ ಬಿಟ್ಟುಕೊಂಡು, ಸೋರಿಕೆ ನಿಲ್ಲುವಷ್ಟು ಮಾತ್ರ ಬಿಗಿಯಬೇಕು. ಮಲಗುವ ಮುಂಚೆ ಮುಖ ತೊಳೆಯಬೇಕು, ಎಣ್ಣೆ ಜಿಡ್ಡಿಗೆ ಮಾಸ್ಕು ಜಾರುತ್ತೆ. ಇನ್ನೊಂದು ಮುಖ್ಯ ವಿಷಯ ನಮ್ಮ ಹುಡುಗರಿಗೆ. 'ಕೆ.ಜಿ.ಎಫ್.' (2018) ಬಂದ ಮೇಲೆ ಊರಿಗೆ ಊರೇ ಯಶ್ ಗಡ್ಡ ಬಿಟ್ಟಿತಲ್ಲ, ನಾನೂ ಬಿಟ್ಟಿದ್ದೆ. ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕು ಗಡ್ಡದ ಮೇಲೆ ಕೂರೋದೇ ಇಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣದಕ್ಕೆ ಬದಲಾಯಿಸಿದೆ. ಗಡ್ಡ ಉಳಿಯಿತು!

ಮೂರನೇ ರೀಲು, ನೀರು. ಇದೇ ಕತೆಯ ತಿರುವು. ಬೆಳಗ್ಗೆ ಎದ್ದರೆ ಮೂಗು ಉರಿ, ಗಂಟಲು ಮರಳುಗಾಡು. ರಾತ್ರಿಯೆಲ್ಲಾ ಗಾಳಿ ಹಾಯ್ದರೆ ಒಣಗದೆ ಇರುತ್ತಾ? ಮೂಗು ಒಣಗಿದರೆ ಕಟ್ಟುತ್ತೆ, ಕಟ್ಟಿದರೆ ಬಾಯಿ ತೆರೀತೀವಿ, ಬಾಯಿಂದ ಗಾಳಿ ಸೋರಿ ಇನ್ನೂ ಒಣಗುತ್ತೆ. ಅದಕ್ಕೇ ಮೆಷೀನಿನ ಪಕ್ಕ ಹ್ಯುಮಿಡಿಫೈಯರ್ ಅಂತ ಒಂದು ನೀರಿನ ಡಬ್ಬಿ. ಕೆಳಗಿನ ಬಿಲ್ಲೆ ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಕೊಡುತ್ತೆ. ನಾನು ನಲ್ಲಿ ನೀರು ಸುರಿದೆ. ನಮ್ಮದು ಬೋರ್‌ವೆಲ್ ನೀರು, ಒಂದೇ ವಾರದಲ್ಲಿ ಡಬ್ಬಿಯ ತಳಕ್ಕೆ ಬಿಳಿ ಸುಣ್ಣ. ಕುದಿಸಿ ಆರಿಸಿದರೂ ನೀರಿನ ಉಪ್ಪೆಲ್ಲಾ ಹೋಗೋದಿಲ್ಲ. ಬ್ಯಾಟರಿ ಅಂಗಡಿಯ ನೀರು ತಂದದ್ದಕ್ಕೆ ಟೆಕ್ನಿಷಿಯನ್ ಬೈದ. ಮೆಡಿಕಲ್ ಷಾಪಿನ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಗೆರೆ ದಾಟಿ ತುಂಬಬಾರದು. ಬೆಳಗ್ಗೆ ಉಳಿದದ್ದು ಚೆಲ್ಲಿ, ಡಬ್ಬಿ ತೊಳೆದು ಒಣಗಿಸಬೇಕು. ನೀರು ಹಳಸಿದರೆ ಅದರ ಗಾಳಿಯೇ ನಮ್ಮ ಎದೆಗೆ ಹೋಗೋದು! ಮಾಸ್ಕಿನ ಮೆತ್ತೆಯನ್ನು ದಿನಾ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸ್ತೀನಿ.

ನಾಲ್ಕನೇ ರೀಲಿನಲ್ಲಿ ಮಳೆ! ಡಿಸೆಂಬರಿನ ಚಳಿಯಲ್ಲಿ ತೇವ ಜಾಸ್ತಿ ಇರಲಿ ಅಂತ ನಂಬರು ಪೂರ್ತಿ ಏರಿಸಿ ಮಲಗಿದೆ. ಎರಡು ಗಂಟೆಗೆ ಕೊಳವೆಯಲ್ಲಿ ಗುಳುಗುಳು ಸದ್ದು, ಮೂಗಿಗೆ ತಣ್ಣೀರು ಚಿಮುಕಿತು. ಬೆಚ್ಚಗಿನ ತೇವದ ಗಾಳಿ ತಣ್ಣನೆ ಕೊಳವೆಯಲ್ಲಿ ಹಾಯುವಾಗ ನೀರಾಗಿಬಿಡುತ್ತೆ, ಕಾಫಿ ಲೋಟದ ಮುಚ್ಚಳದ ಒಳಗೆ ಹನಿ ಕೂತ ಹಾಗೆ. ನಂಬರು ಎರಡು ಇಳಿಸಿದೆ. ಮೆಷೀನನ್ನು ತಲೆಗಿಂತ ಕೆಳಗೆ ಸ್ಟೂಲಿನ ಮೇಲಿಟ್ಟೆ, ನೀರು ಮುಖಕ್ಕೆ ಬರದೆ ವಾಪಸ್ ಇಳಿಯುತ್ತೆ. ಅವ್ವನ ಹಳೇ ಉಣ್ಣೆ ಶಾಲು ಕತ್ತರಿಸಿ ಕೊಳವೆಗೆ ಅಂಗಿ ಹೊಲಿಸಿದೆ. ದುಡ್ಡಿದ್ದವರಿಗೆ ತಾನೇ ಬಿಸಿಯಾಗುವ ಕೊಳವೆಯೂ ಸಿಗುತ್ತೆ. ಬೇಸಿಗೆಯಲ್ಲಿ ನಂಬರು ಬೇರೆ, ಮಳೆಗಾಲದಲ್ಲಿ ಬೇರೆ. ಮೂಗು ಒಣಗಿದರೆ ಒಂದು ಏರಿಸಿ, ಹನಿ ಬಿದ್ದರೆ ಒಂದು ಇಳಿಸಿ. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಓಡಿಸೋದಾದರೆ ಬಿಸಿ ಆಫ್ ಮಾಡಿ, ಕರೆಂಟನ್ನು ಜಾಸ್ತಿ ತಿನ್ನೋದು ಅದೇ.

ಹೀಗೆ ಒಂದು ತಿಂಗಳಾದ ಮೇಲೆ ಅರಸೀಕೆರೆಯಿಂದ ಅವ್ವ ಬಂದಳು. ನಾನು ಅವ್ವನಿಗೆ ಹೇಳಿರಲಿಲ್ಲ. ಹೆಣ್ಣು ನೋಡುವ ಮಾತು ನಡೀತಿದೆ, ಹುಡುಗ ಮೂಗಿಗೆ ಪೈಪು ಹಾಕ್ಕೊಂಡು ಮಲಗ್ತಾನೆ ಅಂತ ಊರಲ್ಲಿ ಗೊತ್ತಾದರೆ? ಆ ನಾಚಿಕೆಗೆ ಒಂದು ರಾತ್ರಿ ಮೆಷೀನನ್ನು ಮಂಚದ ಕೆಳಗೆ ತಳ್ಳಿ ಹಾಗೇ ಮಲಗಿದೆ.

ನಡುರಾತ್ರಿ ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗಾಯ್ತು. ಅವ್ವ! ಕಣ್ಣ ತುಂಬಾ ನೀರು.

"ಏಳ್ಲಾ ಮಗಾ... ನಿಮ್ಮಪ್ಪನೂ ಹಿಂಗೇ ಉಸ್ರು ಕಟ್ಟೋರು. ನಾನು ಹಿಂಗೇ ಅಲ್ಲಾಡ್ಸಿ ಎಬ್ಬುಸ್ತಿದ್ದೆ."

ನಮ್ಮಪ್ಪ ಊರಿನ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ಅವರ ಗೊರಕೆ ಮೂರು ಮನೆಗೆ ಕೇಳುತ್ತಿತ್ತು, "ಗಟ್ಟಿ ನಿದ್ದೆ ಕಣಯ್ಯ ನಿಂದು" ಅಂತ ಎಲ್ಲರೂ ಹೊಗಳುತ್ತಿದ್ದರು. 51ನೇ ವಯಸ್ಸಿಗೆ ಒಂದು ಬೆಳಗ್ಗೆ ಅಪ್ಪ ಏಳಲೇ ಇಲ್ಲ. ಹೃದಯ ಅಂದರು. ಆ ರಾತ್ರಿ ಅವ್ವ ತವರಿಗೆ ಹೋಗಿದ್ದಳು. ಆ ವರ್ಷವೇ ನಾನು ಪಿಯುಸಿ ಬಿಟ್ಟದ್ದು. ಅಪ್ಪನಿಗೆ ಇದೇ ಕಾಯಿಲೆ ಇತ್ತೋ, ಇಲ್ಲವೋ, ಇನ್ನು ಯಾರು ಪರೀಕ್ಷೆ ಮಾಡೋಕಾಗುತ್ತೆ? ಆದರೆ ಇಷ್ಟು ವರ್ಷ ಅವ್ವ ಆ ರಾತ್ರಿ ತಾನು ಊರಲ್ಲಿ ಇರಲಿಲ್ಲ ಅನ್ನೋದನ್ನು ಒಳಗೇ ಇಟ್ಟುಕೊಂಡಿದ್ದಳು ಅನ್ನೋದು ನನಗೆ ಅವತ್ತೇ ತಿಳಿದದ್ದು.

ನಾನು ಮಂಚದ ಕೆಳಗಿಂದ ಮೆಷೀನು ಎಳೆದೆ. ನೀರು ಹಾಕಿದೆ, ಮಾಸ್ಕ್ ಹಾಕಿದೆ. ಆಸ್ಪತ್ರೆಯಲ್ಲಿ ಕಡೇ ಉಸಿರಿನವರಿಗೆ ಹಾಕೋ ಸಾಮಾನು ಅಂದುಕೊಂಡು ಅವ್ವ ಮೊದಲು ಹೆದರಿದಳು. ಇದು ಬರೀ ಗಾಳಿ ಅಂತ ಅವಳ ಅಂಗೈಗೆ ಹಿಡಿದು ತೋರಿಸಿದೆ. ಆಮೇಲೆ ಮಲಗಿದವನು ಎದ್ದದ್ದು ಏಳು ಗಂಟೆಗೆ.

ಅವ್ವ ಕಾಫಿ ಕೊಡ್ತಾ ಹೇಳಿದಳು, "ರಾತ್ರಿಯೆಲ್ಲಾ ಕೇಳುಸ್ಕೊಂಡು ಕೂತಿದ್ದೆ ಕಣ್ಲಾ. ಒಂದು ಸಲಾನೂ ನಿಲ್ಲಲಿಲ್ಲ."

ಊರಿಗೆ ಹೊರಡುವಾಗ ಹೆಣ್ಣಿನ ಕಡೆಯವರಿಗೆ ತಾನೇ ಹೇಳ್ತೀನಿ ಅಂದಳು. "ಒಪ್ಪೋರು ಒಪ್ತಾರೆ, ಬುಡು" ಅಂದಳು.

ಮಿತ್ರರೇ, ಈ ಪತ್ರಿಕೆ ನಿಮ್ಮ ಕೈಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ಇವತ್ತು ರಾತ್ರಿ ಬಸ್ಸಿನಲ್ಲಿ ಪಕ್ಕದವರು ಗೊರಕೆ ಹೊಡೆದರೆ ಬೈದುಕೊಳ್ಳಿ, ಪರವಾಗಿಲ್ಲ. ಆದರೆ ಮನೆಯಲ್ಲಿ ಅಪ್ಪನ ಗೊರಕೆ ಮಧ್ಯೆ ಮಧ್ಯೆ ನಿಂತು, ಆಮೇಲೆ ಬೆಚ್ಚಿ ಎದ್ದು ಉಸಿರೆಳೆದರೆ, ಹಗಲು ಕೂತಲ್ಲೇ ತೂಕಡಿಸಿದರೆ, ಒಂದು ಸಲ ಡಾಕ್ಟರಿಗೆ ತೋರಿಸಿ. ಲಾರಿ, ಬಸ್ಸು, ಟ್ಯಾಕ್ಸಿ ಓಡಿಸುವ ಗೆಳೆಯರಿದ್ದರೆ ಅವರಿಗೂ ಹೇಳಿ. ಮಲಗುವ ಮುಂಚೆ ಎಣ್ಣೆ ಹಾಕಿದರೆ ಈ ಕಾಯಿಲೆ ಜಾಸ್ತಿಯಾಗುತ್ತೆ, ಅದನ್ನೂ ಹೇಳಿ. ಕೇಳ್ತಾರೋ ಬಿಡ್ತಾರೋ ಅವರಿಷ್ಟ.

ನಾನಂತೂ ಈಗ ಪತ್ರಿಕಾ ಪ್ರದರ್ಶನದಲ್ಲಿ ಕ್ಲೈಮ್ಯಾಕ್ಸ್‌ವರೆಗೂ ಎಚ್ಚರವಾಗಿರ್ತೀನಿ. ಕೆಲವು ಚಿತ್ರಗಳನ್ನು ನೋಡಿದಾಗ, ಹಳೇ ದಿನಗಳೇ ಚೆನ್ನಾಗಿತ್ತು ಅನ್ನಿಸೋದೂ ಉಂಟು! ಯಾವ ಚಿತ್ರ ಅಂತೀರಾ? ಅದು ಮುಂದಿನ ವಾರ.