ಅರ್ಧ ಚಮಚೆ ಕಡಿಮೆ, ಹತ್ತು ನಿಮಿಷ ಜಾಸ್ತಿ

ಕಳೆದ ಸೆಮಿಸ್ಟರ್‌ನಲ್ಲಿ 'ಅರವತ್ತು ದಿನದಲ್ಲಿ ಹತ್ತು ಕಿಲೋ' ಅನ್ನೋ ರೀಲ್ಸ್ ನೋಡಿ ನಾನೂ ತೂಕ ಇಳಿಸೋಕೆ ಹೊರಟೆ. ಮೊದಲ ದಿನವೇ ಗ್ರೌಂಡ್ ಸುತ್ತ ಎಂಟು ರೌಂಡ್ ಓಡಿದೆ. ಮೆಸ್‌ನಲ್ಲಿ ಬರೀ ಸೌತೆಕಾಯಿ, ಮೊಸರು. ನಾಲ್ಕನೇ ದಿನ ಮೊಣಕಾಲು ನೋವು. ಒಂಬತ್ತನೇ ದಿನ ರಾತ್ರಿ ಒಂದು ಫುಲ್ ಪ್ಲೇಟ್ ಗೋಬಿ. ಇಳಿದಿದ್ದು ಎರಡು ಕಿಲೋ, ತಿಂಗಳೊಳಗೆ ವಾಪಸ್ ಬಂದಿದ್ದು ಮೂರು.

ಅದೇ ಹೊತ್ತಿಗೆ ಬನಹಟ್ಟಿಯಲ್ಲಿ ಅವ್ವನಿಗೆ ಶುಗರ್ ಅಂತ ಗೊತ್ತಾಯ್ತು. ಅಜ್ಜಿಯ ಕಾಲ್ಬೆರಳು ತೆಗೆಸಿದ್ದು ಇದೇ ಕಾಯಿಲೆಯಿಂದ. ಹಾಗಾಗಿ ಡಾಕ್ಟರ್ "ದಿನಾ ನಡೀರಿ, ತೂಕ ಇಳಿಸ್ರಿ" ಅಂದಾಗ ಅವ್ವ ಹೆದರಿದಳು. ಆದರೆ ನನ್ನ ಹಾಗೆ ಓಡಲಿಲ್ಲ. ಹತ್ತೇ ಹತ್ತು ನಿಮಿಷ ನಡೆದಳು. ಐದು ತಿಂಗಳಾದ ಮೇಲೆ ನನಗಿಂತ ಅವಳೇ ಗೆದ್ದಿದ್ದಾಳೆ. ಅದಕ್ಕೇ ಈ ಲೇಖನ.

ನಮ್ಮ ಕಡೆ ಮೈಗೆ ಮೊದಲು ಪ್ರತ್ಯೇಕ ವ್ಯಾಯಾಮ ಬೇಕಿರಲಿಲ್ಲ. ನಮ್ಮಜ್ಜ ಕುಣಿ ಮಗ್ಗದಲ್ಲಿ ಕೂತು ನೇಯುತ್ತಿದ್ದರು. ಕಾಲಿನಿಂದ ತುಳಿಯೋದು, ಕೈಯಿಂದ ಲಾಳಿ ಎಸೆಯೋದು, ದಿನವಿಡೀ ಅದೇ ಕೆಲಸ. ಈಗ ರಬಕವಿ-ಬನಹಟ್ಟಿಯ ಯಾವ ಓಣಿಗೆ ಹೋದರೂ ಪವರ್‌ಲೂಮ್ ಖಟಖಟ ಕೇಳುತ್ತೆ. ತುಳಿಯೋ ಕೆಲಸ ಮೋಟಾರ್ ಮಾಡುತ್ತೆ. ಅವ್ವ ಕಂಡಿಕೆ ಸುತ್ತೋದೂ ಮೋಟಾರಿನ ಮೇಲೆಯೇ, ತಾಸುಗಟ್ಟಲೆ ಕೂತಲ್ಲೇ. ಕೆಲಸ ಬದಲಾಯ್ತು, ತಾಟು ಬದಲಾಗಲಿಲ್ಲ. ಚಹಾ ಮಾತ್ರ ಹೆಚ್ಚಾಯ್ತು.

ಚಹಾದ ಲೆಕ್ಕ ನಾನೇ ಮಾಡಿದೆ. ಅವ್ವ ದಿನಕ್ಕೆ ಐದು ಸಲ ಕುಡಿಯುತ್ತಿದ್ದಳು, ಪ್ರತಿ ಸಲ ಎರಡು ಚಮಚೆ ಸಕ್ಕರೆ. ಒಂದು ಚಮಚೆಗೆ 5 ಗ್ರಾಂ ಅಂದರೂ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ, ಅದೂ ಒಬ್ಬಳಿಗೆ. ದಿನಕ್ಕೆ 2000 ಕ್ಯಾಲೊರಿ ತಿನ್ನೋರಿಗೆ ಇಂಥ ಸಕ್ಕರೆ ಒಟ್ಟು 50 ಗ್ರಾಂ ಒಳಗಿರಬೇಕು, 25 ಗ್ರಾಂ ಆದರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕಬ್ಬಿನ ನಾಡಿನಲ್ಲಿ ಇದನ್ನ ಹೇಳೋದು ಕಷ್ಟ. ಬಂದವರಿಗೆ ಸಪ್ಪನೆ ಚಹಾ ಕೊಟ್ಟರೆ ಮರ್ಯಾದೆ ಕೊಡಲಿಲ್ಲ ಅಂತಾರೆ.

ಅವ್ವ ಒಮ್ಮೆಲೇ ಸಕ್ಕರೆ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚೆ ಕಡಿಮೆ ಮಾಡಿದಳು. ನಾಲಿಗೆಗೆ ಗೊತ್ತೇ ಆಗಲಿಲ್ಲ. ಈಗ ಮೂರು ಕಪ್, ಅರ್ಧ ಚಮಚೆ. "ಮೊದಲಿನ ಚಹಾ ಈಗ ಪಾಕ ಆಗ್ಯದ" ಅಂತಾಳೆ.

ಊಟದ್ದೂ ಹಾಗೇ. ಜೋಳದ ರೊಟ್ಟಿ ಒಳ್ಳೇದು, ನಾರಿನಂಶ ಇದೆ, ನಿಜ. ಆದರೆ ಒಳ್ಳೇದು ಅಂತ ನಾಲ್ಕು ರೊಟ್ಟಿ ತಿಂದು, ಮೇಲೆ ಅನ್ನ ಹಾಕಿಸಿಕೊಂಡರೆ ಏನು ಉಪಯೋಗ? ಅವ್ವ ಎರಡು ರೊಟ್ಟಿಗೆ ಬಂದಳು. ಹೆಸರುಕಾಳಿನ ಪಲ್ಯ, ಪಚಡಿ ಜಾಸ್ತಿ ಮಾಡಿದಳು. ಧಾರಾವಾಹಿ ನೋಡ್ತಾ ಉಣ್ಣೋದು ಬಿಟ್ಟಳು. ಟಿವಿ ಮುಂದೆ ಎಷ್ಟು ತಿಂದ್ವಿ ಅನ್ನೋದೇ ಗೊತ್ತಾಗಲ್ಲ. ಹಾಸ್ಟೆಲ್‌ನಲ್ಲಿ ನಾವು ಫೋನ್ ನೋಡ್ತಾ ತಿನ್ನೋದೂ ಇದೇ ತಪ್ಪು.

ಇದಕ್ಕಿಂತ ಕಷ್ಟದ್ದು ನಡಿಗೆ. ಗಂಡಸರು ಬೆಳಿಗ್ಗೆ ನಡೆದರೆ ಅದು ವಾಕಿಂಗ್. ನಲವತ್ತೈದರ ಹೆಂಗಸು ಕೈಯಲ್ಲಿ ಚೀಲ ಇಲ್ಲದೆ ನಡೆದರೆ ಓಣಿಗೆಲ್ಲ ಪ್ರಶ್ನೆ. "ಯಾಕ್ರೀ ಅಕ್ಕಾರ, ಮುಂಜಾನೆದ್ದು ಎತ್ಲಾಗ ಹೊಂಟೀರಿ? ತವರಮನಿಗೇನು?" ಮೊದಲ ವಾರ ಅವ್ವ ನಿಜವಾಗಿಯೂ ಒಂದು ಖಾಲಿ ಚೀಲ ಹಿಡಿದು ಹೋಗುತ್ತಿದ್ದಳು! ಆಮೇಲೆ ಪಕ್ಕದ ಮನೆಯ ಕಾಕಿ ಜೊತೆಯಾದರು. ವಾರಕ್ಕೆ ಐದು ನಿಮಿಷ ಹೆಚ್ಚಿಸ್ತಾ ನಲವತ್ತು ನಿಮಿಷಕ್ಕೆ ಬಂದಿದ್ದಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆದರೆ ಸಾಕು ಅನ್ನೋ ಸಲಹೆಗಿಂತ ಇದು ಜಾಸ್ತಿಯೇ. ಈಗ ಚೀಲ ಮನೆಯಲ್ಲೇ ಇರುತ್ತೆ.

ಎಲ್ಲರಿಗೂ ಇದು ಬೇಕು ಅಂತ ನಾನು ಹೇಳಲ್ಲ. ಬೀಳಗಿ ಕಡೆ ಇರೋ ನಮ್ಮ ಚಿಗವ್ವ ದಿನಾ ಹೊಲದಲ್ಲಿ ಕಸ ತೆಗೀತಾಳೆ. ಅವಳಿಗೆ ವಾಕಿಂಗ್ ಮಾಡು ಅಂದರೆ ನಗ್ತಾಳೆ, ನಗಬೇಕಾದ್ದೇ. ಕಬ್ಬು ಕಡಿಯೋರಿಗೆ ಬೇಕಾಗಿದ್ದು ವಿಶ್ರಾಂತಿ. ನಾನು ಹೇಳ್ತಿರೋದು ಕೂತು ದುಡಿಯೋರಿಗೆ, ಕೂತು ಓದೋರಿಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಆ ಅಂಚಿನಲ್ಲಿ ನಮ್ಮ ಬೆಂಚಿನವರೂ ಇರಬಹುದು.

ನಡೆಯೋಕೆ ಜಾಗವೂ ಬೇಕು. ಜಮಖಂಡಿಯವರಿಗೆ ರಾಮತೀರ್ಥದ ಗುಡ್ಡ ಇದೆ. ಮುಧೋಳದ ರಸ್ತೆಗಳಲ್ಲಿ ಕಬ್ಬಿನ ಸೀಸನ್ ಬಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ನಸುಕಿನಲ್ಲಿ ಯಾರು ಧೈರ್ಯವಾಗಿ ನಡೀತಾರೆ? ಹೊಸ ಜಿಮ್‌ಗಿಂತ ಮೊದಲು ನಮ್ಮ ಊರುಗಳಲ್ಲಿ ಶಾಲೆ ಮೈದಾನಗಳ ಗೇಟು ಬೆಳಿಗ್ಗೆ ಒಂದು ತಾಸು ತೆರೆದಿರಲಿ, ಒಂದೆರಡು ಲೈಟ್ ಇರಲಿ. ಹೆಂಗಸರು ತಾವಾಗಿಯೇ ಬರ್ತಾರೆ.

ಅವ್ವನ ತೂಕ ಐದು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ. ರೀಲ್ಸ್ ಮಾಡುವಷ್ಟು ದೊಡ್ಡದಲ್ಲ. ಆದರೆ ಶುಗರ್ ಹತೋಟಿಗೆ ಬಂದಿದೆ. ಮಾತ್ರೆ ಇನ್ನೂ ಇದೆ, ಅದನ್ನ ಡಾಕ್ಟರ್ ಹೇಳದೆ ಬಿಡಬಾರದು.

ನಾನೂ ಮತ್ತೆ ಶುರು ಮಾಡಿದ್ದೀನಿ, ಊಟ ಆದ ಮೇಲೆ ಹತ್ತು ನಿಮಿಷ. ಈ ರಜೆಗೆ ಊರಿಗೆ ಹೋದಾಗ ನಿಮ್ಮ ಅವ್ವನಿಗೆ ಡಯಟ್ ಬಗ್ಗೆ ಭಾಷಣ ಮಾಡಬೇಡಿ. ಬೆಳಿಗ್ಗೆ ಎದ್ದು ಅವಳ ಜೊತೆ ಹತ್ತು ನಿಮಿಷ ನಡೀರಿ. ಓಣಿಯಲ್ಲಿ ಯಾರಾದರೂ ಎಲ್ಲಿಗೆ ಅಂತ ಕೇಳಿದರೆ, "ಎಲ್ಲಿಗೂ ಇಲ್ರೀ, ಸುಮ್ನ ನಡ್ಯಾಕ" ಅಂತ ನೀವೇ ಹೇಳಿ.