ನೋಂಬಿಗೆ ಮನೆ ತೊಳೆಯಿರಿ, ಮುಚ್ಚಬೇಡಿ

ನೋಂಬು ಹತ್ತಿರ ಬಂದಾಗ ಮನೆ ಶುಚಿ ಮಾಡುವುದು ನಮ್ಮವರಲ್ಲಿ ಹಳೆಯ ರೂಢಿ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ಹೆಸರಿನಲ್ಲಿ ಈಗ ನಡೆಯುತ್ತಿರುವ ಕೆಲಸದ ಬಗ್ಗೆ. ಗಟ್ಟಿಮುಟ್ಟಾದ ಗೋಡೆಗೆ ಪುಟ್ಟಿ ಬಳಿಯುತ್ತೇವೆ, ಹಂಚಿನ ಮಾಡಿನ ಕೆಳಗೆ ಜಿಪ್ಸಂ ಹಲಗೆ ಬಿಗಿಯುತ್ತೇವೆ, ಅಟ್ಟದಲ್ಲಿದ್ದ ಹಲಸಿನ ಮರದ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟು ಆ ಜಾಗದಲ್ಲಿ ಪ್ಲಾಸ್ಟಿಕ್ ಬಳ್ಳಿ ನೇತುಹಾಕುತ್ತೇವೆ. ಆಮೇಲೆ ಫೋಟೊ ತೆಗೆದು ಕುಟುಂಬದ ಗುಂಪಿಗೆ ಹಾಕಿ, ಮನೆ ಹೊಸತಾಯಿತು ಎನ್ನುತ್ತೇವೆ. ನನಗೆ ಕಾಣುವುದು ಇಷ್ಟೇ: ಕೊಳೆಗೆ ಒಂದು ಮುಚ್ಚಳ ಬಂತು, ದುಬೈಯಲ್ಲಿರುವ ಮಗನ ಎರಡು ತಿಂಗಳ ಸಂಬಳ ಹೋಯಿತು.

ಇದನ್ನು ನಾನು ಬರೆಯುತ್ತಿರುವುದು ಮೊರಪ್ಪೂರಿನಿಂದ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಈ ಊರು ಜೋಲಾರ್‌ಪೇಟೆಯಿಂದ ಸೇಲಂಗೆ ಹೋಗುವ ರೈಲು ದಾರಿಯಲ್ಲಿದೆ. (ಇಲ್ಲಿಂದ ಧರ್ಮಪುರಿಗೆ ಒಂದು ಕಾಲದಲ್ಲಿ ಸಣ್ಣ ಗೇಜಿನ ರೈಲೂ ಇತ್ತು, 1941ರಲ್ಲಿ ನಿಂತಿತು.) ನಮ್ಮವರ ಬೇಕರಿ ಇಲ್ಲಿರುವುದರಿಂದ ನನ್ನ ಸಂಸಾರವೂ ಇಲ್ಲಿ. ಊರಿಗೆ ಹೋದಾಗಲೆಲ್ಲ ‘ಆ ಒಣ ಊರಿನಲ್ಲಿ ಏನಿದೆ?’ ಎಂದು ಕೇಳುವ ಮಾಮಿಯರಿಗೆ ನಾನು ಕೊಡುವ ಉತ್ತರ: ಮನೆ ಶುಚಿ ಮಾಡುವುದು ಹೇಗೆಂದು ಇಲ್ಲಿಯವರಿಗೆ ಇನ್ನೂ ಮರೆತಿಲ್ಲ.

ಪೊಂಗಲ್‌ನ ಹಿಂದಿನ ದಿನ ಇಲ್ಲಿ ಬೋಗಿ. ಅದಕ್ಕೆ ವಾರ ಮೊದಲೇ ಬೀದಿಯಲ್ಲಿ ಸುಣ್ಣದ ವಾಸನೆ. ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಹಾಸಿಗೆ, ಚಾಪೆ, ಪಾತ್ರೆ, ಅಕ್ಕಿ ಡಬ್ಬ, ದೇವರ ಪಟದ ಚೌಕಟ್ಟಿನವರೆಗೆ ಎಲ್ಲವೂ ಬಿಸಿಲಿಗೆ. ಖಾಲಿ ಮನೆಯ ಜೇಡರ ಬಲೆ ಹೊಡೆದು, ಗೋಡೆಗೆ ನೀರು ಚಿಮುಕಿಸಿ, ಸುಣ್ಣ ಬಳಿಯುತ್ತಾರೆ. ಏಣಿ ಹತ್ತುವುದು ಗಂಡಸರ ಕೆಲಸ, ಅದರಲ್ಲಿ ಚರ್ಚೆಯಿಲ್ಲ. ಆಮೇಲೆ ಬೇವಿನ ಎಲೆ, ಆವರಿಕೆ ಹೂ, ಪೂಳೈ ಹೂ ಸೇರಿಸಿ ಮಾಡಿನ ಅಂಚಿಗೆ ಕಟ್ಟುತ್ತಾರೆ. ಅದು ಅವರ ನಂಬಿಕೆ, ಅವರಿಗೆ ಸೇರಿದ್ದು. ನಾನು ಹೇಳಲು ಹೊರಟದ್ದು ಸುಣ್ಣದ ಮಾತು, ಬಿಸಿಲಿನ ಮಾತು, ಏಣಿಯ ಮಾತು.

ಇವರದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಬೋಗಿಯ ಬೆಳಗಿನ ಜಾವ ಹಳೆಯದನ್ನು ಸುಡುವ ಪದ್ಧತಿಯಿದೆ. ಹಿಂದೆ ಹರಿದ ಚಾಪೆ, ಸವೆದ ಪೊರಕೆ ಸುಡುತ್ತಿದ್ದರು. ಈಗ ಟಯರು, ಪ್ಲಾಸ್ಟಿಕ್ ಸುಡುವವರಿದ್ದಾರೆ. 2018ರ ಬೋಗಿಯಂದು ಚೆನ್ನೈಯಲ್ಲಿ ಹೊಗೆ ಮತ್ತು ಮಂಜು ಸೇರಿ ವಿಮಾನಗಳೇ ಇಳಿಯಲಾಗದೆ ಪರದಾಡಿದವು. ಮಾಲಿನ್ಯ ನಿಯಂತ್ರಣ ಮಂಡಳಿ ವರ್ಷವೂ ಬೇಡ ಎನ್ನುತ್ತದೆ. ಅವರ ಟಯರಿನ ಹೊಗೆ ಕಣ್ಣಿಗೆ ಕಾಣುತ್ತದೆ. ನಮ್ಮ ಜಿಪ್ಸಂ ಹಲಗೆಯ ಹಿಂದಿನದ್ದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಅದೇನೆಂದು ಹೇಳುತ್ತೇನೆ. ನನ್ನ ತಂಗಿಯ ಮನೆ ಬಂಟ್ವಾಳದ ಕಡೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಎರಡು ವರ್ಷದ ಹಿಂದೆ ನೋಂಬಿಗೆ ಮುಂಚೆ ಒಬ್ಬ ಇಂಟೀರಿಯರ್‌ನವನು ಬಂದು ಚಾವಡಿಗೆ ಜಿಪ್ಸಂ ಚಾವಣಿ ಹಾಕಿದ, ಗೋಡೆಗೆ ಪುಟ್ಟಿ ಹೊಡೆದು ಪ್ಲಾಸ್ಟಿಕ್ ಪೇಂಟ್ ಬಳಿದ. ಪೆರ್ನಾಳ್‌ಗೆ ಬಂದವರೆಲ್ಲ ಹೊಗಳಿದರು. ಆಟಿ ತಿಂಗಳಲ್ಲಿ ಗೋಡೆಯ ಕೆಳಭಾಗ ಹಪ್ಪಳದ ಹಾಗೆ ಉಬ್ಬಿತು. ಚಾವಣಿಯ ಮೂಲೆಯಲ್ಲಿ ಕಪ್ಪು ಬೂಸಲು, ಮೇಲೆ ಇಲಿಗಳ ಓಟ. ಹಂಚು ಎಲ್ಲಿ ಒಡೆದಿದೆ ಎಂದು ನೋಡಲು ಈಗ ದಾರಿಯೇ ಇಲ್ಲ. ಚಿಕ್ಕವನಿಗೆ ಕೆಮ್ಮು. ಕರೆದರೆ ಆ ಮನುಷ್ಯ ಫೋನ್ ಎತ್ತುವುದಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಈ ಧರ್ಮಪುರಿಯಲ್ಲಿ ಬೀಳುವುದು ಅದರ ಕಾಲು ಭಾಗದಷ್ಟು. ಮುರಕಲ್ಲು ತೂತುತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಆ ಉಸಿರಿನ ಬಾಯಿಗೆ ಪ್ಲಾಸ್ಟಿಕ್ ಬಳಿದರೆ ನೀರು ಹೋಗುವುದೆಲ್ಲಿಗೆ? ಹಂಚಿನ ಮಾಡೂ ಹಾಗೆಯೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಮನೆಗಳ ಬಿಸಿಗಾಳಿ ಹಂಚಿನ ಸಂದಿಯಿಂದಲೇ ಹೊರಹೋಗುತ್ತಿದೆ. ಆ ಸಂದಿಯನ್ನು ಕೆಳಗಿನಿಂದ ಮುಚ್ಚಿ, ಸೆಕೆ ಎಂದು ಎಸಿ ಹಾಕಿಸುತ್ತೇವೆ. ಒಂದು ಖರ್ಚು ಇನ್ನೊಂದು ಖರ್ಚನ್ನು ಹೆರುತ್ತದೆ.

ಸುಣ್ಣ ಹಾಗಲ್ಲ. ನಮ್ಮ ಕರಾವಳಿಯಲ್ಲಿ ಮರುವಾಯಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಅರಳುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯ ಇಂಗಾಲಾಮ್ಲ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹಸಿ ಸುಣ್ಣದ ಕ್ಷಾರದಲ್ಲಿ ಬೂಸಲು ಬದುಕುವುದಿಲ್ಲ, ಗೋಡೆಯ ಉಸಿರೂ ಕಟ್ಟುವುದಿಲ್ಲ. ಬಟ್ಟೆಗೆ ಹತ್ತುತ್ತದೆ ಎನ್ನುತ್ತೀರಿ. ಒಣಗೋಡೆಗೆ ದಪ್ಪಗೆ ಒಂದೇ ಸಲ ಬಳಿದರೆ ಹತ್ತದೆ ಇರುತ್ತದೆಯೇ? ಗೋಡೆ ಒದ್ದೆ ಮಾಡಿ, ಸೋಸಿದ ಸುಣ್ಣಕ್ಕೆ ಸ್ವಲ್ಪ ಗಂಜಿ ತಿಳಿ ಸೇರಿಸಿ, ತೆಳ್ಳಗೆ ಮೂರು ಸಲ ಬಳಿಯಬೇಕು. ಬೆಳ್ಳಗೆ ಕಾಣಲು ಒಂದು ಚಿಟಿಕೆ ನೀಲಿ. ಕಣ್ಣಿಗೆ ಬೀಳದಂತೆ ಜಾಗ್ರತೆ, ಮಕ್ಕಳು ದೂರ. ಬಚ್ಚಲಿಗೂ ಅಡುಗೆಕಟ್ಟೆಗೂ ಟೈಲ್ಸ್ ಬೇಕು, ಅದನ್ನು ನಾನು ಒಪ್ಪುತ್ತೇನೆ. ಈಗಾಗಲೇ ಪ್ಲಾಸ್ಟಿಕ್ ಪೇಂಟ್ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಕೆರೆದೇ ತೆಗೆಯಬೇಕು.

ಕೆರೆಯುವ ಮಾತು ಬಂದಾಗ ಒಂದು ಎಚ್ಚರಿಕೆ. ಮನೆಗಳಿಗೆ ಬಳಿಯುವ ಪೇಂಟಿನಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ಸರಳುಗಳ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜು ಕಾಗದದಲ್ಲಿ ತಿಕ್ಕಿದರೆ ಏಳುವ ಧೂಳು ಅಂಬೆಗಾಲಿಡುವ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ನೀರು ಹಾಕಿ ಒದ್ದೆಯಲ್ಲೇ ಉಜ್ಜಿಸಿ. ಹಾಗೆಯೇ ಬ್ಲೀಚಿಂಗ್ ಪುಡಿ ಹಾಕಿದ ಕಡೆ ಬಚ್ಚಲಿನ ಆ್ಯಸಿಡ್ ಸುರಿಯಬೇಡಿ. ಅದರಿಂದ ಏಳುವುದು ಕ್ಲೋರಿನ್, ವಿಷದ ಗಾಳಿ.

ಇನ್ನು ಕಾಲದ ವಿಚಾರ. ನೋಂಬು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2014, 2015ರಲ್ಲಿ ಅದು ಜೂನ್‌ನ ಮಳೆಯ ಬಾಯಲ್ಲಿತ್ತು, ಆಗ ಗೋಡೆ ಬಳಿದವರಿಗೆ ಒಣಗಿಸಲು ಬಿಸಿಲೇ ಸಿಗಲಿಲ್ಲ. ಈಗ ಅದು ಫೆಬ್ರವರಿಗೆ ಬಂದಿದೆ. ಮಾವು ಹೂಬಿಟ್ಟಿರುವ, ಬಾವಿಯಲ್ಲಿ ಇನ್ನೂ ನೀರಿರುವ ಕಾಲ. ಚಾಪೆ ಒಂದೇ ದಿನದಲ್ಲಿ ಒಣಗುತ್ತದೆ. ಇಂಥ ಅನುಕೂಲ ಇನ್ನು ಕೆಲವೇ ವರ್ಷ, 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಯಲ್ಲಿ ಇನ್ನೊಂದು ನೋಂಬು ಶುರುವಾಗುತ್ತದೆ. ದುಡ್ಡು ಕೊಟ್ಟು ಪರಿಮಳದ ಸ್ಪ್ರೇ ತರುವ ಮೊದಲು ಪುಕ್ಕಟೆ ಬಿಸಿಲನ್ನು ಬಳಸೋಣ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಸಂಗತಿಗೆ. ಈ ಕೆಲಸವೆಲ್ಲ ಯಾರ ಮೈಮೇಲೆ ಬೀಳುತ್ತದೆ? ಇಂಟೀರಿಯರ್‌ನವನಿಗೆ ದುಡ್ಡು ಕೊಡುವುದು ಗಂಡಸು, ಅವನು ಬಿಟ್ಟುಹೋದ ಧೂಳು ಒರೆಸುವುದು ಹೆಂಗಸು. ಅದೂ ಹೊಟ್ಟೆಗೆ ನೀರಿಲ್ಲದೆ. ಕೆಲಸ ಬರಾತ್‌ಗೆ ಮುಗಿಯುವುದಿಲ್ಲ, ನೋಂಬಿನ ಒಳಗೆ ಬರುತ್ತದೆ, ಕಡೆಯ ಹತ್ತು ರಾತ್ರಿಗಳವರೆಗೂ ಎಳೆಯುತ್ತದೆ. ಲೈಲತುಲ್ ಖದ್ರ್ ಹುಡುಕಬೇಕಾದ ರಾತ್ರಿಗಳಲ್ಲಿ ನಮ್ಮ ಹೆಂಗಸರು ಪರದೆ ಹೊಲಿಯುವವನ ಫೋನ್ ಕಾಯುತ್ತಿರುತ್ತಾರೆ. ಶುಚಿತ್ವಕ್ಕೂ ಈಮಾನಿಗೂ ಇರುವ ನಂಟನ್ನು ಮದ್ರಸದ ಮೊದಲ ತರಗತಿಯಲ್ಲೇ ಕಲಿತವರು ನಾವು. ಪ್ರವಾದಿಯವರು ತಮ್ಮ ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು, ಚಪ್ಪಲಿ ತಾವೇ ಹೊಲಿಯುತ್ತಿದ್ದರು, ಮನೆಗೆಲಸಕ್ಕೆ ಕೈ ಸೇರಿಸುತ್ತಿದ್ದರು ಎಂದು ಆಯಿಶಾ ಬೀವಿ ಹೇಳಿದ್ದನ್ನೂ ಕೇಳಿದ್ದೇವೆ. ಆ ಸುನ್ನತ್ತಿನ ಬಗ್ಗೆ ಜುಮಾದಲ್ಲಿ ತಲೆಯಾಡಿಸಿ, ಮನೆಗೆ ಬಂದು ‘ಉಮ್ಮಾ, ನೀರು’ ಎಂದು ಸೋಫಾದಲ್ಲಿ ಕೂರುವವರನ್ನು ನಾನು ಎಣಿಸಿ ಮುಗಿಸಲಾರೆ. ಇಸ್ರಾಫ್ ಮದುವೆ ಚಪ್ಪರದಲ್ಲಿ ಮಾತ್ರವಲ್ಲ, ಸರಿಯಿರುವ ಚಾವಣಿಯ ಕೆಳಗೆ ಇನ್ನೊಂದು ಚಾವಣಿ ಹಾಕುವುದೂ ಇಸ್ರಾಫ್.

ಗುಜರಿಗೆ ಹೋದ ಆ ಹಲಸಿನ ಪೆಟ್ಟಿಗೆ, ಕಂಚಿನ ತಟ್ಟೆ, ಮುಂಡೇವಿನ ಓಲೆಯ ಚಾಪೆಗಳು ಆಮೇಲೆ ಎಲ್ಲಿ ಸಿಗುತ್ತವೆ ಗೊತ್ತೇ? ಬೆಂಗಳೂರಿನ ಆ್ಯಂಟಿಕ್ ಅಂಗಡಿಗಳಲ್ಲಿ, ಹತ್ತು ಪಟ್ಟು ಬೆಲೆಗೆ. ಪೆಟ್ಟಿಗೆಗೆ ಬೇಕಿದ್ದುದು ಒಂದು ಒದ್ದೆ ಬಟ್ಟೆ, ಸ್ವಲ್ಪ ಎಣ್ಣೆ, ಒಂದು ಮಧ್ಯಾಹ್ನ.

ಈ ಸಲ ರಜಬ್ ಮುಗಿಯುವುದರೊಳಗೆ ಒಂದು ಭಾನುವಾರ ಗೊತ್ತುಮಾಡಿ. ಸಾಮಾನೆಲ್ಲ ಅಂಗಳಕ್ಕೆ ತನ್ನಿ. ಒಡೆದ ಹಂಚು ಬದಲಿಸಿ, ಮಳೆಗೆ ಮುಂಚೆ ಮಾಡಬೇಕಾದ ದೊಡ್ಡ ಕೆಲಸ ಅದೊಂದೇ. ಆ ದಿನದ ಊಟ ಹೋಟೆಲಿನಿಂದ ಬರಲಿ. ಸುಣ್ಣದ ಬಾಲ್ದಿ ಮಗನ ಕೈಯಲ್ಲಿ, ಕುಂಚ ಗಂಡನ ಕೈಯಲ್ಲಿ ಇರಲಿ. ಏಣಿ ಹಿಡಿದುಕೊಳ್ಳಲು ಒಬ್ಬರು ಬೇಕಾಗುತ್ತದೆ. ಪುದಿಯಾಪ್ಳೆ ಬಂದಿದ್ದರೆ ಅವರನ್ನೇ ಕರೆಯಿರಿ.