ಕೈಪಿಡಿಯಲ್ಲಿ ಬರೆದಿದ್ದರೆ ಸಾಕೇ?

ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿ ಮಾಡುವ ಸಪೋರ್ಟ್ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ಮದ್ದು ಒಂದೇ: ರೀಸ್ಟಾರ್ಟ್. ಸರ್ವರ್ ಉತ್ತರಿಸುತ್ತಿಲ್ಲ, ಸಿಪಿಯು ನೂರಕ್ಕೆ ನೂರು ಓಡುತ್ತಿದೆ, ಲಾಗ್‌ನಲ್ಲಿ ತಪ್ಪಿನ ಸುಳಿವೂ ಇಲ್ಲ. ಆರಿಸಿ ಹಚ್ಚಿದರೆ ಎಲ್ಲ ಸರಿ. ಟಿಕೆಟ್ ಮುಚ್ಚುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ಈ ರೋಗಲಕ್ಷಣಕ್ಕೆ ಬಹಳ ವರ್ಷ ಒಂದು ಪ್ರಸಿದ್ಧ ಕಾರಣವಾಗಿದ್ದದ್ದು ಜಾವಾ ಭಾಷೆಯ ಒಳಗಿನ ಹ್ಯಾಶ್‌ಮ್ಯಾಪ್. ಅದು ಜಾವಾ 1.2ರ ಜೊತೆ ಬಂದದ್ದು 1998ರ ಡಿಸೆಂಬರಿನಲ್ಲಿ. ಗಚ್ಚಿಬೌಲಿಯಲ್ಲಿ ಐಐಐಟಿ ಶುರುವಾದದ್ದೂ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದದ್ದೂ ಅದೇ ವರ್ಷ. ಕಾಕತಾಳೀಯವೇ ಸರಿ, ಆದರೆ ಆ ಊರು ಬೆಳೆದದ್ದು ಮುಖ್ಯವಾಗಿ ಇಂಥ ಭಾಷೆಗಳನ್ನು ನಂಬಿಕೊಂಡೇ.

ದೋಷ ಏನೆಂದು ತಿಳಿಯಲು ಅಲ್ಲಿನ ಒಂದು ಪಿಜಿಯನ್ನು ಊಹಿಸಿಕೊಳ್ಳಿ. ಕಲಬುರಗಿ, ಬೀದರ್, ರಾಯಚೂರಿನಿಂದ ಹೋದ ಹುಡುಗರು ತುಂಬಿರುವ ಪಿಜಿ. ಹದಿನಾರು ಕೋಣೆ. ಹೆಸರಿನಿಂದ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯ ಕೋಣೆಗೆ ಹಾಕುವುದು ನಿಯಮ. ಹುಡುಕುವವರೂ ಅದೇ ಲೆಕ್ಕ ಮಾಡಿ ನೇರ ಆ ಕೋಣೆಗೆ ಹೋಗುತ್ತಾರೆ. ಒಂದೇ ಕೋಣೆಗೆ ಇಬ್ಬರು ಬಿದ್ದರೆ, ಪ್ರತಿಯೊಬ್ಬನ ಕೈಯಲ್ಲಿ ಮುಂದಿನವನ ಹೆಸರಿನ ಚೀಟಿ ಇರುತ್ತದೆ. ಕೊನೆಯವನ ಚೀಟಿ ಖಾಲಿ. ಮುಕ್ಕಾಲು ಪಾಲು, ಅಂದರೆ 12 ಜನರ ಗಡಿ ದಾಟಿದರೆ 32 ಕೋಣೆಯ ಹೊಸ ಕಟ್ಟಡಕ್ಕೆ ಎಲ್ಲರೂ ಸ್ಥಳಾಂತರ. ಹ್ಯಾಶ್ ಟೇಬಲ್ ಹಿಗ್ಗುವುದೆಂದರೆ ಇದೇ. (ಹ್ಯಾಶ್ ಎಂದರೆ ಮೂಲದಲ್ಲಿ ಕೊಚ್ಚಿದ್ದು. ಕನ್ನಡದಲ್ಲಿ ‘ಕೊಚ್ಚುಪಟ್ಟಿ’ ಎಂದರೆ ಅರ್ಥ ಸರಿಹೋದೀತು, ಸಂದರ್ಶನಕ್ಕೆ ಹೋದವರು ಹೇಳಲಾರರು.)

ಜಾವಾ 7ರವರೆಗೆ ಈ ಸ್ಥಳಾಂತರದಲ್ಲಿ ಒಂದು ವಿಚಿತ್ರವಿತ್ತು. ಪ್ರತಿಯೊಬ್ಬ ಹೊಸಬನನ್ನೂ ಸಾಲಿನ ಮುಂದೆ ನಿಲ್ಲಿಸುತ್ತಿದ್ದರಿಂದ ಸಾಲು ತಿರುಗುಮುರುಗಾಗುತ್ತಿತ್ತು. ಈಗ ಇಬ್ಬರು ಮೇಲ್ವಿಚಾರಕರು ಏಕಕಾಲಕ್ಕೆ ಸ್ಥಳಾಂತರಕ್ಕಿಳಿದರು ಎನ್ನಿ. ಮೊದಲನೆಯವನು ‘ಅಮರ, ಆಮೇಲೆ ಬಸವ’ ಎಂದು ನೋಡಿಕೊಂಡು ತೂಕಡಿಸಿದ. ಅಷ್ಟರಲ್ಲಿ ಎರಡನೆಯವನು ಇಬ್ಬರನ್ನೂ ಹೊಸ ಕಟ್ಟಡದ ಒಂದೇ ಕೋಣೆಗೆ ಸಾಗಿಸಿ ಮುಗಿಸಿದ. ಈಗ ಬಸವನ ಚೀಟಿಯಲ್ಲಿ ಅಮರನ ಹೆಸರು. ಮೊದಲನೆಯವನು ಎಚ್ಚೆತ್ತು ಅಮರನನ್ನು ಇಟ್ಟ, ಅವನ ಮುಂದೆ ಬಸವನನ್ನು ಇಟ್ಟ, ಬಸವನ ಚೀಟಿ ನೋಡಿ ಮತ್ತೆ ಅಮರನನ್ನು ತಂದು ಮುಂದೆ ನಿಲ್ಲಿಸಿದ. ಅಮರನ ಚೀಟಿಯಲ್ಲಿ ಬಸವ, ಬಸವನ ಚೀಟಿಯಲ್ಲಿ ಅಮರ. ಆ ಕೋಣೆಯಲ್ಲಿ ಚಂದ್ರನನ್ನು ಹುಡುಕಿ ಬಂದವನು ಇಬ್ಬರ ನಡುವೆ ಕೊನೆಯಿಲ್ಲದೆ ಓಡಾಡುತ್ತಾನೆ. ಸಿಪಿಯು ನೂರಕ್ಕೆ ನೂರು.

ಜಾವಾ ಕಡೆಯ ಸಮರ್ಥನೆ ಇದ್ದದ್ದು ಕೈಪಿಡಿಯಲ್ಲಿ: ಹಲವು ಥ್ರೆಡ್‌ಗಳು ಬಳಸುವುದಾದರೆ ಬೀಗದ ವ್ಯವಸ್ಥೆ ನಿಮ್ಮದೇ. ಮಾತು ಸುಳ್ಳಲ್ಲ. ಪ್ರತಿ ಕೆಲಸಕ್ಕೂ ಬೀಗ ಹಾಕುತ್ತಿದ್ದ ಹಳೆಯ ಹ್ಯಾಶ್‌ಟೇಬಲ್ ಜಾವಾದಲ್ಲಿತ್ತು. ವೇಗಕ್ಕಾಗಿಯೇ ಹ್ಯಾಶ್‌ಮ್ಯಾಪ್ ಬೀಗ ಬಿಟ್ಟದ್ದು. 2004ರ ಜಾವಾ 5ರಲ್ಲಿ ಹಲವು ಥ್ರೆಡ್‌ಗಳಿಗೆಂದೇ ಕನ್‌ಕರೆಂಟ್ ಹ್ಯಾಶ್‌ಮ್ಯಾಪ್ ಕೂಡ ಬಂತು. ಆದರೆ ಎಚ್ಚರಿಕೆ ಕೊಟ್ಟ ಮಾತ್ರಕ್ಕೆ, ಎಡವಿದವನು ಹೇಗೆ ಬೀಳುತ್ತಾನೆ ಎಂಬ ಹೊಣೆ ಕಟ್ಟಿದವನಿಂದ ಕಳಚುವುದಿಲ್ಲ. ಒಂದು ದಾಖಲೆ ಕಳೆದುಹೋಗುವುದು ಒಂದು ಬಗೆ. ಸದ್ದಿಲ್ಲದೆ ಇಡೀ ಯಂತ್ರ ಶಾಶ್ವತವಾಗಿ ಸುತ್ತುವುದು ಬೇರೆಯೇ ಬಗೆ. ಬೀಗವಿಲ್ಲದೆಯೂ ಎರಡನೆಯದನ್ನು ತಪ್ಪಿಸಬಹುದಿತ್ತು ಎನ್ನಲು ಸಾಕ್ಷಿ ಜಾವಾವೇ. 2014ರ ಜಾವಾ 8ರಲ್ಲಿ ಸ್ಥಳಾಂತರದ ಕೋಡ್ ಬದಲಾಯಿತು. ಸಾಲಿನ ಕ್ರಮ ಹಾಗೆಯೇ ಉಳಿಯತೊಡಗಿತು, ಅಮರ–ಬಸವರ ಈ ಸುತ್ತು ಹೋಯಿತು. ಆ ಆವೃತ್ತಿಯ ಘೋಷಿತ ಸುಧಾರಣೆ ಮಾತ್ರ ಬೇರೆ: ಒಂದೇ ಕೋಣೆಗೆ ಬಹಳ ಜನ ಬಿದ್ದಾಗಿನ ನಿಧಾನಗತಿಗೆ ಪರಿಹಾರ. ಬೀಗವಿಲ್ಲದ ಬಳಕೆ ಈಗಲೂ ತಪ್ಪೇ, ದಾಖಲೆಗಳು ಈಗಲೂ ಕಳೆದುಹೋಗಬಹುದು.

ರಸ್ಟ್ ಭಾಷೆಯವರು 2016ರಲ್ಲಿ ನಡೆದುಕೊಂಡ ರೀತಿ ಇದಕ್ಕಿಂತ ಮೆಚ್ಚುವಂಥದ್ದು. ಅಲ್ಲಿ ಒಂದು ಟೇಬಲ್‌ನಿಂದ ಓದುತ್ತ ಇನ್ನೊಂದಕ್ಕೆ ತುಂಬಿಸಿದರೆ, ಎರಡೂ ಒಂದೇ ಗುಪ್ತ ಬೀಜಸಂಖ್ಯೆ ಬಳಸುತ್ತಿದ್ದರಿಂದ, ಹೊಸದು ಹಿಗ್ಗುವ ಮೊದಲೇ ಅದರ ಒಂದು ಭಾಗದಲ್ಲಿ ನೂಕುನುಗ್ಗಲಾಗಿ ಕೆಲಸ ವಿಪರೀತ ನಿಧಾನವಾಗುತ್ತಿತ್ತು. ಬಳಸಿದವನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಅವರು ದೋಷವನ್ನು ತಮ್ಮದೆಂದು ಒಪ್ಪಿ, ಪ್ರತಿ ಹೊಸ ಟೇಬಲ್‌ಗೂ ಬೀಜಸಂಖ್ಯೆಯನ್ನು ಒಂದೊಂದು ಹೆಚ್ಚಿಸಿದರು. ತಿದ್ದುಪಡಿ ಇಷ್ಟೇ.

ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಹ್ಯಾಶ್ ಟೇಬಲ್ ಎಂದರೆ ಸಾಮಾನ್ಯವಾಗಿ ಐದು ಅಂಕದ ಪ್ರಶ್ನೆ. ‘ಸರಾಸರಿ ಸ್ಥಿರ ಸಮಯ’ ಎಂದು ಬರೆದರೆ ಮುಗಿಯಿತು. ಹಿಗ್ಗುವ ಹೊತ್ತಿನ ಗಲಾಟೆಗೆ ಅಲ್ಲಿ ಜಾಗವಿಲ್ಲ. ಹೀಗೆ ಕಲಿತವರಿಗೆ ಭಾಷೆಯ ಒಳಗು ಬೇರೆಯವರ ಮನೆ; ಓದಬಹುದು, ತಿದ್ದಬಹುದು ಎಂದು ಅನ್ನಿಸುವುದೇ ಇಲ್ಲ. ಜಾವಾದ ಆಕರ 2007ರಿಂದ ಮುಕ್ತವಾಗಿದೆ. ಹಳೆಯ ಸ್ಥಳಾಂತರದ ಕೋಡ್ ಹತ್ತಿಪ್ಪತ್ತು ಸಾಲು. ಕರಿಹಲಗೆಯ ಮೇಲೆ ಅಮರ, ಬಸವ ಎಂದು ಎರಡು ಚೌಕ ಬರೆದರೆ ಒಂದು ಪೀರಿಯಡ್‌ನಲ್ಲಿ ಮುಗಿಯುವ ಪಾಠ.

ರಾತ್ರಿ ಪಾಳಿಯಲ್ಲಿರುವವರಿಗಾದರೆ, ರೀಸ್ಟಾರ್ಟ್‌ಗೆ ಮುಂಚೆ ಥ್ರೆಡ್ ಡಂಪ್ ತೆಗೆಯಲು ಸಾಮಾನ್ಯವಾಗಿ ಕೆಲವೇ ಸೆಕೆಂಡು ಸಾಕು. ಅದಕ್ಕೆ ಬೇಕಾದ ಜೆಸ್ಟ್ಯಾಕ್ ಎಂಬ ಉಪಕರಣ ಜಾವಾ ಕಿಟ್ಟಿನಲ್ಲೇ ಇದೆ. ಹಳೆಯ ಜಾವಾದಲ್ಲಿ ಹಲವು ಥ್ರೆಡ್‌ಗಳು ಹ್ಯಾಶ್‌ಮ್ಯಾಪ್‌ನ ‘ಗೆಟ್’ ಒಳಗೇ ಓಡುತ್ತಿರುವುದು ಕಂಡರೆ, ಟಿಕೆಟ್ ಮುಚ್ಚುವ ಮೊದಲು ಕಾರಣದ ಖಾನೆಯಲ್ಲಿ ಬರೆಯಲು ಏನಾದರೂ ಇರುತ್ತದೆ.